ದುಭಾಷಿ ಕಾಣೆಯಾದಾಗ

ಮನೆಗೆ ಸುಣ್ಣ ಬಳಿಸಿದ ಮರುದಿನ ಯಾವ ಗೃಹಸ್ಥನೂ ನೆಮ್ಮದಿಯಿಂದಿರಲಾರ. ಗೋಡೆಗಳೇನೋ ಬೆಳದಿಂಗಳಿನಂತೆ ಬೆಳ್ಳಗಾಗಿರುತ್ತವೆ. ಆದರೆ ಗಡಿಯಾರದ ಮೊಳೆ ಇದ್ದಲ್ಲಿ ಇರುವುದಿಲ್ಲ, ಪಂಚಾಂಗ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು, ಇಷ್ಟು ವರ್ಷ ತಕರಾರಿಲ್ಲದೆ ಉರಿದ ನಡುಮನೆಯ ದೀಪ ಅಂದೇ ಉರಿಯಲೊಲ್ಲೆನೆಂದು ಹಟ ಹಿಡಿಯುತ್ತದೆ. ಸುಣ್ಣ ಬಳಿದವನನ್ನು ಕೇಳಿದರೆ, ತಾನು ಗೋಡೆಯನ್ನಲ್ಲದೆ ಬೇರೇನನ್ನೂ ಮುಟ್ಟಲಿಲ್ಲವೆಂದು ಆಣೆಯಿಟ್ಟು ಹೇಳುತ್ತಾನೆ. ಅವನ ಮಾತು ಸುಳ್ಳೂ ಅಲ್ಲ. ಕಂಪ್ಯೂಟರಿಗೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಸಿಕೊಂಡ ಮನೆಗಳ ಪಾಡೂ ಹೆಚ್ಚು ಕಡಿಮೆ ಇದೇ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯರೊಬ್ಬರ ಸಂಸಾರಕ್ಕೆ ಈ ಅನುಭವ 2020ರ ಜನವರಿಯಲ್ಲಿ ಒದಗಿತು. ಅವರ ಕಂಪ್ಯೂಟರು ಅದುವರೆಗೆ ‘ವಿಂಡೋಸ್ 7’ ಎಂಬ ವ್ಯವಸ್ಥೆಯ ಆಳಿಕೆಯಲ್ಲಿ ಸುಖವಾಗಿ ನಡೆದುಕೊಂಡು ಬಂದಿತ್ತು. ಆ ವರ್ಷದ ಜನವರಿ 14ರಂದು, ಎಂದರೆ ಸಂಕ್ರಾಂತಿಯ ಹಿಂದಿನ ದಿನ, ಮೈಕ್ರೋಸಾಫ್ಟ್ ಕಂಪನಿ ಅದರ ಪೋಷಣೆಯನ್ನು ನಿಲ್ಲಿಸಿತು. ಇನ್ನು ಮುಂದೆ ರಕ್ಷಣೆಯ ತೇಪೆಗಳು ಬರುವುದಿಲ್ಲ, ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡುವುದು ಕ್ಷೇಮವಲ್ಲ ಎಂದು ಅಳಿಯಂದಿರು ದೂರವಾಣಿಯಲ್ಲಿ ಎಚ್ಚರಿಸಿದ್ದರು. ಅಳಿಯನ ಮಾತನ್ನು ಮೀರುವುದುಂಟೆ? ಬೀದಿಯ ಕೊನೆಯ ಅಂಗಡಿಯ ಹುಡುಗ ಬಂದು ಯಂತ್ರವನ್ನು ಹೊತ್ತುಕೊಂಡು ಹೋದ. ಕಡತಗಳನ್ನೆಲ್ಲ ಬೇರೆಡೆ ತೆಗೆದಿಟ್ಟು, ಹಳೆಯದನ್ನು ಪೂರ್ತಿ ಒರೆಸಿ, ಎರಡು ಜಿ.ಬಿ. ಇದ್ದ ಸ್ಮರಣಕೋಶವನ್ನು ಎಂಟಕ್ಕೆ ಏರಿಸಿ, ‘ವಿಂಡೋಸ್ 10’ ಹಾಕಿ ಮೂರನೆಯ ದಿನ ತಂದಿಟ್ಟ. ಮೊದಲಿದ್ದುದು ಮೂವತ್ತೆರಡು ಬಿಟ್ಟಿನ ವ್ಯವಸ್ಥೆ. ಅದಕ್ಕೆ ನಾಲ್ಕು ಜಿ.ಬಿ.ಗಿಂತ ಹೆಚ್ಚಿನ ಸ್ಮರಣಕೋಶವನ್ನು ಬಳಸುವ ಯೋಗ್ಯತೆಯಿಲ್ಲವಾದ್ದರಿಂದ ಅರವತ್ತನಾಲ್ಕು ಬಿಟ್ಟಿನದನ್ನೇ ಹಾಕಿರುವುದಾಗಿ ವಿವರಿಸಿದ. ಉಪಾಧ್ಯಾಯರು ತಲೆಯಾಡಿಸಿದರು. ಆ ಒಂದು ಮಾತಿನಲ್ಲೇ ಮುಂದಿನ ಮೂರು ವಾರಗಳ ತಾಪತ್ರಯವೆಲ್ಲ ಅಡಗಿತ್ತೆಂದು ಆಗ ಯಾರಿಗೂ ತೋಚಲಿಲ್ಲ.

ಯಂತ್ರ ಮೊದಲಿಗಿಂತ ಚುರುಕಾಗಿಯೇ ಎಚ್ಚೆತ್ತಿತು. ಆದರೆ ಪರದೆಯ ಮೇಲೆ ಮೊಮ್ಮಗಳ ಮುಖ ಕುಂಬಳಕಾಯಿಯಂತೆ ಅಗಲವಾಗಿ ಕಾಣಿಸಿತು. ಸ್ಪೀಕರಿನಿಂದ ಸದ್ದಿಲ್ಲ. ಅಂತರ್ಜಾಲದ ಸಂಪರ್ಕ ಕೊಡುತ್ತಿದ್ದ ಹೆಬ್ಬೆರಳ ಗಾತ್ರದ ಸಾಧನವನ್ನು ಯಂತ್ರ ಗುರುತಿಸಲೇ ಇಲ್ಲ. ಪ್ರಿಂಟರು ಗೊಣಗಿ ಸುಮ್ಮನಾಯಿತು. ಸ್ಕ್ಯಾನರಂತೂ ದೀಪವನ್ನೂ ಹೊತ್ತಿಸಲಿಲ್ಲ. ಹುಡುಗ ಮತ್ತೆ ಬಂದು ನೋಡಿ, “ಮಿಕ್ಕದ್ದೆಲ್ಲ ಸರಿಹೋಗುತ್ತೆ ಸಾರ್, ಸ್ಕ್ಯಾನರು ಮಾತ್ರ ಸತ್ತಿದೆ, ಹೊಸದು ತೊಗೊಳ್ಳಿ” ಎಂದು ತೀರ್ಪಿತ್ತು ಹೋದ.

ಸ್ಕ್ಯಾನರಿನದು ಬರಿಯ ಅನುಕೂಲದ ಮಾತಾಗಿದ್ದರೆ ಉಪಾಧ್ಯಾಯರು ಆ ತೀರ್ಪನ್ನು ಒಪ್ಪಿಬಿಡುತ್ತಿದ್ದರೋ ಏನೋ. ಅದರ ಪಕ್ಕದಲ್ಲಿ ಒಂದು ನೋಟುಬುಕ್ಕಿತ್ತು. ಅವರ ತಾಯಿ ಮದುವೆಯಾಗಿ ಬಂದ ಹೊಸತರಲ್ಲಿ, ಹಸೆಗೆ ಕರೆಯುವ ಹಾಡು, ಎಣ್ಣೆ ಶಾಸ್ತ್ರದ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು ಎಲ್ಲವನ್ನೂ ಸೀಸದಕಡ್ಡಿಯಲ್ಲಿ ಬರೆದಿಟ್ಟುಕೊಂಡ ನೋಟುಬುಕ್ಕು ಅದು. ಹೊಲಿಗೆ ಬಿಚ್ಚಿ ಹಾಳೆಗಳು ಬಿಡಿಬಿಡಿಯಾಗಿದ್ದವು. ಬರಹ ವರ್ಷದಿಂದ ವರ್ಷಕ್ಕೆ ಮಾಸುತ್ತಿತ್ತು. ಮೊಬೈಲಿನಲ್ಲಿ ಚಿತ್ರ ತೆಗೆದರೆ ಕೈಯ ನೆರಳು ಬಿದ್ದು ಅರ್ಧ ಅಕ್ಷರ ನುಂಗಿಹೋಗುತ್ತಿತ್ತು. ಸ್ಕ್ಯಾನರಿನ ಸಮಬೆಳಕಿನಲ್ಲಿ ಮಾತ್ರ ಆ ಬೂದು ಗೆರೆಗಳು ತಕ್ಕಮಟ್ಟಿಗೆ ಏಳುತ್ತಿದ್ದವು. ಅರ್ಧ ಹಾಳೆಗಳು ಮುಗಿದು ಇನ್ನರ್ಧ ಉಳಿದಿದ್ದವು. ಸಾಗರದಲ್ಲಿರುವ ಎಂಬತ್ತನಾಲ್ಕು ವರ್ಷದ ಅಕ್ಕನಿಗೆ ಅವನ್ನು ಕಳುಹಿಸಬೇಕಾಗಿತ್ತು. ತಾಯಿಯ ಕೈಬರಹವನ್ನು ತಡೆಯಿಲ್ಲದೆ ಓದಬಲ್ಲವರು, ಅಳಿಸಿದ ಸಾಲನ್ನು ನೆನಪಿನಿಂದ ತುಂಬಬಲ್ಲವರು, ಆ ಮನೆತನದಲ್ಲಿ ಉಳಿದಿದ್ದವರು ಆಕೆ ಒಬ್ಬರೇ. ಆಕೆಯ ನೆನಪು ಹೊಸ ಸ್ಕ್ಯಾನರಿನ ಬೆಲೆ ಇಳಿಯುವವರೆಗೆ ಕಾಯುವಂಥದಾಗಿರಲಿಲ್ಲ. ಇಷ್ಟೂ ಸಾಲದೆಂಬಂತೆ, ಮೊನ್ನೆಯವರೆಗೆ ಓಡುತ್ತಿದ್ದ ಯಂತ್ರ ಒಂದೇ ರಾತ್ರಿಯಲ್ಲಿ ಸಾಯುವುದೆಂತು ಎಂಬ ಪ್ರಶ್ನೆಯೂ ಉಪಾಧ್ಯಾಯರನ್ನು ಕೊರೆಯುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವರು ಕಾರಣವಿಲ್ಲದ ಮರಣವನ್ನು ಒಪ್ಪುವುದು ಕಷ್ಟ.

ವಾಸ್ತವವಾಗಿ ಅದು ಸತ್ತಿರಲಿಲ್ಲ. ಹೊಸ ವ್ಯವಸ್ಥೆ ಹಾಕಿದ ಮೇಲೆ ಕೆಟ್ಟಿತೆಂದು ಜನ ಎಸೆಯುವ ಸಾಧನಗಳಲ್ಲಿ ಬಹುಪಾಲು ಸತ್ತಿರುವುದಿಲ್ಲ. ಅವುಗಳ ಮಾತನ್ನು ತಿಳಿಯಹೇಳುವವನು ಮನೆಯಲ್ಲಿ ಇಲ್ಲವಾಗಿರುತ್ತಾನೆ, ಅಷ್ಟೆ. ಕಂಪ್ಯೂಟರಿನ ಭಾಷೆಯಲ್ಲಿ ಅವನಿಗೆ ‘ಡ್ರೈವರು’ ಎಂದು ಹೆಸರು. ಈ ಹೆಸರನ್ನಿಟ್ಟ ಪುಣ್ಯಾತ್ಮರು ಯಾರೋ, ಅದು ಏನೇನೂ ಒಪ್ಪುವುದಿಲ್ಲ. ಡ್ರೈವರು ಯಾವ ಬಂಡಿಯನ್ನೂ ಓಡಿಸುವುದಿಲ್ಲ. ಅವನು ನಿಜವಾಗಿ ಕಂಪನಿ ಸರ್ಕಾರದ ಕಾಲದಲ್ಲಿದ್ದಂಥ ದುಭಾಷಿ. ಕಲೆಕ್ಟರ್ ಸಾಹೇಬರಿಗೆ ರೈತನ ಮಾತು ತಿಳಿಯದು, ರೈತನಿಗೆ ಸಾಹೇಬರ ಮಾತು ತಿಳಿಯದು. ನಡುವೆ ದುಭಾಷಿ ನಿಂತು ಇಬ್ಬರನ್ನೂ ನಿಭಾಯಿಸುತ್ತಾನೆ. ‘ಈ ಪುಟವನ್ನು ಅಚ್ಚು ಮಾಡು’ ಎಂದು ವ್ಯವಸ್ಥೆ ಆಜ್ಞಾಪಿಸಿದರೆ, ಯಾವ ಉರುಳೆಯನ್ನು ಎಷ್ಟು ತಿರುಗಿಸಬೇಕು, ಮಸಿಯನ್ನು ಎಲ್ಲಿ ಚಿಮ್ಮಿಸಬೇಕು ಎಂಬುದನ್ನು ಆ ಪ್ರಿಂಟರಿನ ಆಡುಮಾತಿನಲ್ಲಿ ಹೇಳಬಲ್ಲವನು ಆ ಒಬ್ಬನೇ. ಸಾಹೇಬರು ವರ್ಗವಾಗಿ ಬೇರೆ ಭಾಷೆಯ ಸಾಹೇಬರು ಬಂದಾಗ ಹಳೆಯ ದುಭಾಷಿಗೆ ಕೆಲಸವಿಲ್ಲ. ರೈತನೇನೋ ಬಾಗಿಲಲ್ಲಿ ನಿಂತು ಕೂಗುತ್ತಲೇ ಇರುತ್ತಾನೆ. ಒಳಗಿನವರು ‘ಅಪರಿಚಿತ’ನೆಂದು ಬರೆದುಕೊಳ್ಳುತ್ತಾರೆ. ವಿಂಡೋಸಿನ ‘ಡಿವೈಸ್ ಮ್ಯಾನೇಜರ್’ ಎಂಬ ಪಟ್ಟಿಯಲ್ಲಿ ಅಂಥ ಸಾಧನದ ಎದುರಿಗೆ ಹಳದಿ ತ್ರಿಕೋನವೊಂದು ಅರಿಶಿನದ ಬೊಟ್ಟಿನಂತೆ ಮೂಡುತ್ತದೆ.

ಈ ದುಭಾಷಿಗಳಿಂದ ಮಾನ ಕಳೆದುಕೊಂಡವರು ಸಾಮಾನ್ಯ ಗೃಹಸ್ಥರು ಮಾತ್ರವಲ್ಲ. 1998ರ ಏಪ್ರಿಲ್ 20ರಂದು ಅಮೆರಿಕದ ಚಿಕಾಗೋ ನಗರದ ಕಂಪ್ಯೂಟರ್ ಪ್ರದರ್ಶನವೊಂದರಲ್ಲಿ ಬಿಲ್ ಗೇಟ್ಸ್ ಇನ್ನೂ ಮಾರುಕಟ್ಟೆಗೆ ಬಾರದಿದ್ದ ‘ವಿಂಡೋಸ್ 98’ನ್ನು ಸಭೆಗೆ ಪರಿಚಯಿಸುತ್ತಿದ್ದರು. ಸಾಧನಗಳನ್ನು ಸಿಕ್ಕಿಸಿದೊಡನೆ ವ್ಯವಸ್ಥೆ ತಾನಾಗಿ ಗುರುತಿಸುತ್ತದೆಂದು ತೋರಿಸಲು ಅವರ ಸಹೋದ್ಯೋಗಿ ಕ್ರಿಸ್ ಕಪೋಸೆಲಾ ತಂತಿಯೊಂದನ್ನು ಸಿಕ್ಕಿಸಿದರು. ಸಾವಿರ ಕಣ್ಣುಗಳ ಎದುರಿನಲ್ಲಿ ದೊಡ್ಡ ಪರದೆ ನೀಲಿಯಾಗಿ ನಿಂತುಹೋಯಿತು! ಆ ತಂತಿಯ ಇನ್ನೊಂದು ತುದಿಯಲ್ಲಿದ್ದುದೂ ಒಂದು ಸ್ಕ್ಯಾನರೇ. ಸಭೆ ಬಿದ್ದುಬಿದ್ದು ನಕ್ಕಿತು. ಇದನ್ನಿನ್ನೂ ಮಾರಾಟಕ್ಕೆ ಬಿಡದಿರುವುದಕ್ಕೆ ಕಾರಣ ಇದೇ ಇರಬೇಕೆಂದು ಹೇಳಿ ಗೇಟ್ಸ್ ತಾವೂ ನಗೆಯಲ್ಲಿ ಪಾರಾದರು. ಬೀದಿಯ ಕೊನೆಯ ಅಂಗಡಿಯವನಿಗೆ ಹಾಗೆ ಪಾರಾಗುವ ಸೌಲಭ್ಯವಿಲ್ಲ.

ನಗೆಯ ಹಿಂದಿನ ಸಂಗತಿ ಗಂಭೀರವಾದುದು. 2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಪ್ರಬಂಧವೊಂದು, ವಿಂಡೋಸ್ ಎಕ್ಸ್‌ಪಿಯಲ್ಲಿ ಆಚೆಗೆ ವರದಿಯಾಗಿದ್ದ ಕುಸಿತಗಳಲ್ಲಿ ಶೇಕಡಾ 85ಕ್ಕೆ ಡ್ರೈವರುಗಳೇ ಕಾರಣವೆಂದು ತಿಳಿಸಿತು. ವ್ಯವಸ್ಥೆಯನ್ನು ಬರೆಯುವವರು ಒಂದು ಕಡೆ, ಡ್ರೈವರುಗಳನ್ನು ಬರೆಯುವವರು ನೂರಾರು ಬೇರೆ ಬೇರೆ ಕಂಪನಿಗಳಲ್ಲಿ. ಒಬ್ಬರ ತಪ್ಪಿಗೆ ಇನ್ನೊಬ್ಬರ ಹೆಸರು ಕೆಡುವುದು ಸಹಜ. ಈ ಡ್ರೈವರುಗಳು ನಿಯಮ ಮೀರುತ್ತವೆಯೇ ಎಂಬುದನ್ನು ಅವನ್ನು ಓಡಿಸದೆಯೇ ಗಣಿತದ ಬಲದಿಂದ ಪರೀಕ್ಷಿಸುವ ಉಪಾಯವೊಂದನ್ನು ಮೈಕ್ರೋಸಾಫ್ಟಿನ ಸಂಶೋಧನಾಲಯದಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಎಂಬಿಬ್ಬರು ರೂಪಿಸಿದರು. ‘ಸ್ಲ್ಯಾಮ್’ ಎಂಬ ಆ ಕೆಲಸವೇ ಮುಂದೆ ವಿಂಡೋಸಿನ ಡ್ರೈವರು ಬರೆಯುವವರಿಗೆ ಒದಗಿದ ಪರೀಕ್ಷಾ ಸಾಧನವೊಂದಕ್ಕೆ ಆಧಾರವಾಯಿತು. ರಾಜಮಣಿಯವರು ಆಮೇಲೆ ಅದೇ ಸಂಸ್ಥೆಯ ಬೆಂಗಳೂರು ಪ್ರಯೋಗಾಲಯಕ್ಕೆ ಬಂದು ಅದರ ಮುಖ್ಯಸ್ಥರೂ ಆದರು. ನೀಲಿ ಪರದೆ ಈಗ ಅಪರೂಪವಾಗಿದ್ದರೆ ಅದಕ್ಕೆ ಇಂಥವರ ಶ್ರಮವೂ ಒಂದು ಕಾರಣ. ಆದರೆ ಇದ್ದ ದುಭಾಷಿಯ ನಡತೆಯನ್ನು ತಿದ್ದುವುದು ಒಂದು ಕೆಲಸ. ಇಲ್ಲದ ದುಭಾಷಿಯನ್ನು ಹುಟ್ಟಿಸುವುದು ಇನ್ನೊಂದು. ಉಪಾಧ್ಯಾಯರ ಮನೆಯಲ್ಲಿ ಬೇಕಾಗಿದ್ದುದು ಎರಡನೆಯದು.

ಅವರು ಒಂದು ಕಾಗದದ ಮೇಲೆ ದೂರುಗಳನ್ನೆಲ್ಲ ಬರೆದುಕೊಂಡು ಒಂದೊಂದನ್ನಾಗಿ ಹಿಡಿದರು. ಎರಡು ಕಾಯಿಲೆಗೆ ಒಟ್ಟಿಗೆ ಔಷಧ ಕೊಟ್ಟರೆ ಯಾವುದು ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲವಷ್ಟೆ. ಮೊದಲನೆಯದು ಅಂತರ್ಜಾಲ. ಇದೊಂದು ವಿಚಿತ್ರವಾದ ಗಂಟು: ಸಂಪರ್ಕ ಬೇಕಾದರೆ ಡ್ರೈವರು ಬೇಕು, ಡ್ರೈವರು ಬೇಕಾದರೆ ಸಂಪರ್ಕ ಬೇಕು. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತೆ. ಮೊಮ್ಮಗಳು ತನ್ನ ಮೊಬೈಲನ್ನು ತಂತಿಯಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಮೊಬೈಲಿನ ಸಂಪರ್ಕವನ್ನೇ ಅದಕ್ಕೆ ಎರವಲು ಕೊಟ್ಟಳು. ಗಂಟು ಬಿಚ್ಚಿತು. ಅರ್ಧ ಗಂಟೆಯಲ್ಲಿ ವ್ಯವಸ್ಥೆ ತಾನಾಗಿ ಪರದೆಯ ಡ್ರೈವರನ್ನು ತರಿಸಿಕೊಂಡಿತು. ಮುಖಗಳು ಕುಂಬಳಕಾಯಿಯ ಆಕಾರವನ್ನು ಬಿಟ್ಟು ಮನುಷ್ಯರ ಆಕಾರಕ್ಕೆ ಬಂದವು.

ಹೆಸರಿಲ್ಲದ ಸಾಧನಗಳಿಗೂ ಒಂದು ಗುರುತಿನ ಚೀಟಿ ಇರುತ್ತದೆ. ಹಳದಿ ತ್ರಿಕೋನವಿರುವ ಸಾಲನ್ನು ತೆರೆದು ‘ಹಾರ್ಡ್‌ವೇರ್ ಐಡಿ’ ಎಂಬಲ್ಲಿ ನೋಡಿದರೆ, ತಯಾರಿಸಿದವರಿಗೆ ಒಂದು ಸಂಖ್ಯೆ, ಸಾಧನಕ್ಕೆ ಒಂದು ಸಂಖ್ಯೆ ಕಾಣುತ್ತವೆ. ಗೋತ್ರ, ಹೆಸರು ಎರಡೂ ಸಿಕ್ಕಿದಂತೆ. ಇಂಟೆಲ್ ಕಂಪನಿಯವರು 1978ರಲ್ಲಿ ಹೊರತಂದ ತಮ್ಮ ಪ್ರಸಿದ್ಧ 8086 ಸಂಸ್ಕಾರಕದ ಸಂಖ್ಯೆಯನ್ನೇ ತಮ್ಮ ಗೋತ್ರವಾಗಿ ಇಟ್ಟುಕೊಂಡಿದ್ದಾರೆ. ಆ ಅಂಕಿ ಕಂಡೊಡನೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ತಿಳಿಯುತ್ತದೆ. ಉಪಾಧ್ಯಾಯರು ಹೆಬ್ಬೆರಳ ಗಾತ್ರದ ಸಾಧನದ ಅಂಕಿಗಳನ್ನು ಹಿಡಿದು ಅದರ ತಯಾರಕರ ತಾಣವನ್ನೇ ಹುಡುಕಿ ಡ್ರೈವರನ್ನು ತಂದರು. ದಾರಿಯಲ್ಲಿ ‘ನಿಮ್ಮ ಎಲ್ಲ ಡ್ರೈವರುಗಳನ್ನೂ ಒಂದೇ ಗುಂಡಿಯಲ್ಲಿ ಸರಿಪಡಿಸುತ್ತೇವೆ’ ಎಂಬ ಜಾಹೀರಾತುಗಳು ಜಾತ್ರೆಯ ಗಿಳಿಶಾಸ್ತ್ರದವರಂತೆ ಕೈಹಿಡಿದು ಎಳೆದವು. ಅವುಗಳ ಬಲೆಗೆ ಬೀಳದಿರುವುದೇ ಲೇಸು. ಅಂಥವು ರೋಗವನ್ನು ಹೆಚ್ಚಿಸಿ ಶುಲ್ಕವನ್ನೂ ಕೇಳುವ ವೈದ್ಯರು.

ಸದ್ದಿನ ಕಥೆ ಬೇರೆಯೇ ಆಯಿತು. ಎರಡು ದಿನ ತಂತಿಗಳನ್ನು ಬಿಚ್ಚಿ ಕಟ್ಟಿದ್ದಾಯಿತು. ಪಟ್ಟಿಯಲ್ಲಿ ಹಳದಿ ಗುರುತೂ ಇರಲಿಲ್ಲ. ಮೂರನೆಯ ದಿನ ಕಂಡುಬಂದುದೇನೆಂದರೆ, ಪರದೆಯ ಹೊಸ ಡ್ರೈವರು ಬಂದಾಗ ತನ್ನೊಡನೆ ಧ್ವನಿಯನ್ನೂ ಪರದೆಯ ತಂತಿಯೊಳಕ್ಕೆ ತಿರುಗಿಸಿಕೊಂಡಿತ್ತು. ಆ ಪರದೆಗೋ ಸ್ಪೀಕರೇ ಇಲ್ಲ! ಎರಡು ದಿನವೂ ಕಂಪ್ಯೂಟರು ಶ್ರದ್ಧೆಯಿಂದ ಹಾಡುತ್ತಲೇ ಇತ್ತು, ಬಾಯಿಲ್ಲದ ಗೋಡೆಯ ಕಡೆಗೆ. ಗಡಿಯಾರದ ಬಳಿಯ ಚಿಹ್ನೆಯನ್ನು ಒತ್ತಿ ಬೇರೆ ಹೆಸರನ್ನು ಆರಿಸಿದ್ದೇ ತಡ, ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠ ಇಡೀ ಬೀದಿಗೆ ಕೇಳಿಸಿ, ಅಡಿಗೆಮನೆಯಲ್ಲಿದ್ದ ಯಜಮಾನತಿ ಹೌಹಾರಿ ಹೊರಗೆ ಬಂದರು. ಪ್ರಿಂಟರಿಗೆ ಸರಿಯಾದ ದುಭಾಷಿ ಸಿಗಲಿಲ್ಲ; ವಿಂಡೋಸೇ ಇಟ್ಟುಕೊಂಡಿರುವ ಸರ್ವಸಾಮಾನ್ಯ ಡ್ರೈವರಿನಿಂದ ಕಪ್ಪು ಬಿಳುಪಿನಲ್ಲಿ ಕೆಲಸ ಸಾಗಿತು.

ಇನ್ನುಳಿದುದು ಸ್ಕ್ಯಾನರು. ಉಪಾಧ್ಯಾಯರು ಮೊದಲು ಮಾಡಿದ ಕೆಲಸ ಜಾಣತನದ್ದು. ಅದನ್ನು ಕೈಚೀಲದಲ್ಲಿಟ್ಟುಕೊಂಡು ಎರಡನೆಯ ಅಡ್ಡರಸ್ತೆಯ ಸ್ನೇಹಿತರ ಮನೆಗೆ ಹೋದರು. ಅಲ್ಲಿ ಹಳೆಯ ವಿಂಡೋಸ್ 7 ಇನ್ನೂ ಉಸಿರಾಡುತ್ತಿದ್ದ ಲ್ಯಾಪ್‌ಟಾಪೊಂದಿತ್ತು. ಸಿಕ್ಕಿಸಿ ಗುಂಡಿಯೊತ್ತಿದೊಡನೆ ಹಸಿರು ಬೆಳಕು ಗಾಜಿನ ಕೆಳಗೆ ಸರಸರನೆ ಹರಿದುಹೋಯಿತು. ಹಾಗಾದರೆ ಶವಸಂಸ್ಕಾರ ಬೇಡ. ಕುಣಿಕೆ ಬೇರೆಲ್ಲೋ ಇದೆ. ಹೊಸ ಸಾಧನವನ್ನು ಕೊಳ್ಳುವ ಮುನ್ನ ಹಳೆಯದನ್ನು ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ ನೋಡುವ ಈ ಒಂದು ಪರೀಕ್ಷೆಗೆ ಐದು ನಿಮಿಷ ಸಾಕು, ದುಡ್ಡು ಬೇಡ. ಆದರೂ ಹೆಚ್ಚಿನವರು ಅದನ್ನು ಮಾಡುವುದಿಲ್ಲವೆಂಬುದು ಆಶ್ಚರ್ಯ. ಉಳಿದ ಹಾಳೆಗಳನ್ನು ಅಲ್ಲಿಯೇ ಮುಗಿಸಬಹುದಿತ್ತು. ಆದರೆ ಆ ಲ್ಯಾಪ್‌ಟಾಪು ಮರುದಿನವೇ ಸ್ನೇಹಿತರ ಮಗನೊಂದಿಗೆ ಪುಣೆಗೆ ಹೊರಟಿತ್ತು.

ತಯಾರಕರ ತಾಣದಲ್ಲಿ ಸ್ಕ್ಯಾನರಿನ ಹೆಸರೇನೋ ಇತ್ತು. ಅದರ ಎದುರಿಗೆ ಮೂವತ್ತೆರಡು ಬಿಟ್ಟಿನ ಡ್ರೈವರು ಮಾತ್ರ ಇತ್ತು. ಅರವತ್ತನಾಲ್ಕರದು ಬರೆದೇ ಇರಲಿಲ್ಲ, ಇನ್ನು ಬರೆಯುವಂತೆಯೂ ಇರಲಿಲ್ಲ. ಮೂವತ್ತೆರಡು ಬಿಟ್ಟಿನ ಎಷ್ಟೋ ತಂತ್ರಾಂಶಗಳು ಅರವತ್ತನಾಲ್ಕರಲ್ಲಿ ನಡೆಯುತ್ತವಲ್ಲ, ಇದೇಕೆ ನಡೆಯದು? ಮಡಿಯ ಮನೆಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪಡಸಾಲೆಗೆ ಬಂದ ಅತಿಥಿ ಹೇಗೆ ಬಂದರೂ ನಡೆಯುತ್ತದೆ. ಅವನಿಗೆ ಬೇಕಾದ ಅನುಕೂಲ ಮಾಡಿಕೊಡಬಹುದು. ಸಾಮಾನ್ಯ ತಂತ್ರಾಂಶಗಳು ಪಡಸಾಲೆಯವು. ಆದರೆ ಡ್ರೈವರು ಅಡಿಗೆಮನೆಯ ಒಳಗೇ, ಒಲೆಯ ಬಳಿಯೇ ನಿಂತು ಕೆಲಸ ಮಾಡುವವನು. ಅವನು ಆ ಮನೆಯ ಮಡಿಯನ್ನೇ ಉಡಬೇಕು. ಸಾಲದುದಕ್ಕೆ, 2007ರಲ್ಲಿ ಮಾರುಕಟ್ಟೆಗೆ ಬಂದ ‘ವಿಸ್ಟಾ’ದಿಂದ ಮುಂದಕ್ಕೆ, ಅರವತ್ತನಾಲ್ಕು ಬಿಟ್ಟಿನ ವಿಂಡೋಸು ಒಳಗೆ ಬರುವ ಪ್ರತಿಯೊಬ್ಬ ಡ್ರೈವರಿನಲ್ಲೂ ಅಂಕೀಯ ಮುದ್ರೆಯನ್ನು ಕೇಳತೊಡಗಿತು. ಕಳ್ಳರನ್ನು ತಡೆಯುವುದಕ್ಕೆ ಇದು ಅವಶ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಳ್ಳರೊಡನೆ ಎಷ್ಟೋ ಮಂದಿ ಬಡ ಬಂಧುಗಳೂ ಹೊರಗುಳಿದರು. ಗಾಜು ಒಡೆದಿಲ್ಲ, ದೀಪ ಆರಿಲ್ಲ, ಚಕ್ರ ಸವೆದಿಲ್ಲ. ದೂರದ ಕಚೇರಿಯೊಂದರಲ್ಲಿ ಯಾರೋ ನಾಲ್ಕು ಪುಟ ಬರೆಯದಿದ್ದ ಕಾರಣಕ್ಕೆ ಒಂದು ಯಂತ್ರ ಗುಜರಿಗೆ ಹೋಗಬೇಕಾಗುತ್ತದೆ. ಹೊಸದನ್ನು ಮಾರುವವರೂ ಹಳೆಯದರ ದುಭಾಷಿಯನ್ನು ನೇಮಿಸಬೇಕಾದವರೂ ಒಬ್ಬರೇ ಆಗಿರುವಾಗ ಇದಕ್ಕಿಂತ ಹೆಚ್ಚಿನ ಉತ್ಸಾಹವನ್ನು ನಿರೀಕ್ಷಿಸುವುದು ಹೇಗೆ?

ಇಂಥದೇ ಸಿಟ್ಟಿನಿಂದ ಒಂದು ದೊಡ್ಡ ಚಳುವಳಿಯೇ ಹುಟ್ಟಿದುದುಂಟು. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಯುವಕನಿದ್ದ. ಕಾಗದ ಸಿಕ್ಕಿಕೊಂಡರೆ ಕೂಡಲೇ ಎಲ್ಲರಿಗೂ ಸುದ್ದಿ ಮುಟ್ಟಿಸುವಂತೆ ಅವನು ಅಲ್ಲಿನ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿಕೊಂಡಿದ್ದ. ಜೆರಾಕ್ಸ್ ಕಂಪನಿಯ ಹೊಸ ಪ್ರಿಂಟರು ಬಂದಾಗ ಅದರ ತಂತ್ರಾಂಶದ ಮೂಲ ಬರಹವನ್ನು ಕೇಳಿದರೆ ಯಾರೂ ಕೊಡಲೊಪ್ಪಲಿಲ್ಲ. ತನ್ನೆದುರಿನ ಯಂತ್ರವನ್ನು ತಾನು ತಿದ್ದಲಾಗದೆಂಬ ಆ ಅವಮಾನ ಅವನನ್ನು ಬಿಡಲಿಲ್ಲ. 1983ರಲ್ಲಿ ಅವನು ಘೋಷಿಸಿದ ‘ಗ್ನೂ’ ಯೋಜನೆ, ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸಿನೊಡನೆ ಸೇರಿ, ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಒಂದು ಪೂರ್ಣ ವ್ಯವಸ್ಥೆಯಾಯಿತು. ಅಲ್ಲಿ ದುಭಾಷಿಯ ವ್ಯಾಕರಣ ಮುಚ್ಚಿಟ್ಟ ಗಂಟಲ್ಲ. ಮೂಲ ಬರಹ ಎಲ್ಲರ ಕೈಯಲ್ಲಿರುವುದರಿಂದ, ಮೂವತ್ತೆರಡಕ್ಕೆ ಬರೆದುದನ್ನು ಅರವತ್ತನಾಲ್ಕಕ್ಕೆ ಹೊಂದಿಸಲು ತಯಾರಕರ ಅಪ್ಪಣೆಗಾಗಿ ಕಾಯಬೇಕಾಗಿಲ್ಲ.

ಉಪಾಧ್ಯಾಯರಿಗೆ ಈ ಚರಿತ್ರೆಯೆಲ್ಲ ತಿಳಿದಿರಲಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ ಪಕ್ಕದ ಮನೆಯ ಹುಡುಗಿ ಒಂದು ಸಂಜೆ ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ತಂದು, ಕಂಪ್ಯೂಟರಿನಲ್ಲಿ ಏನನ್ನೂ ಅಳಿಸದೆ, ಅದರಿಂದಲೇ ಯಂತ್ರವನ್ನು ಎಬ್ಬಿಸಿದಳು. ಸ್ಕ್ಯಾನರಿನ ತಂತಿಯನ್ನು ಸಿಕ್ಕಿಸಿದಳು. ಯಾವ ಡ್ರೈವರನ್ನೂ ಇಳಿಸಿಕೊಳ್ಳಲಿಲ್ಲ. ‘ಸೇನ್’ ಎಂಬ ಹೆಸರಿನಲ್ಲಿ ಸ್ವಯಂಸೇವಕರು ವರ್ಷಗಳಿಂದ ಕೂಡಿಸಿಟ್ಟಿರುವ ಸ್ಕ್ಯಾನರ್ ಡ್ರೈವರುಗಳ ಭಂಡಾರದಲ್ಲಿ ಅದರ ಹೆಸರೂ ಇತ್ತು. ಹಸಿರು ಬೆಳಕು ಈ ಮನೆಯ ಗಾಜಿನ ಕೆಳಗೂ ಹರಿಯಿತು. ಯಜಮಾನತಿ ಆ ಹುಡುಗಿಗೆ ಎಳ್ಳುಬೆಲ್ಲದ ಉಳಿಕೆಯನ್ನೆಲ್ಲ ಪೊಟ್ಟಣ ಕಟ್ಟಿಕೊಟ್ಟರು.

ಉಳಿದ ಹಾಳೆಗಳು ನಾಲ್ಕು ದಿನಗಳಲ್ಲಿ ಮುಗಿದು ಸಾಗರಕ್ಕೆ ಹೋದವು. ಅಕ್ಕ ಅವನ್ನು ಮಗನ ಫೋನಿನಲ್ಲಿ ದೊಡ್ಡದು ಮಾಡಿಸಿಕೊಂಡು, ದಿನಕ್ಕೆ ಎರಡರಂತೆ ಓದಿ ಹೇಳಿದರು. ಬೀಗರ ಹಾಡಿನಲ್ಲಿ ಕಾಣದಾಗಿದ್ದ ಮೂರು ನುಡಿಗಳನ್ನು ತುಂಬಿಕೊಟ್ಟರು. ಇನ್ನೊಂದು ಹಾಡು ತಾಯಿಯದಲ್ಲ, ಪಕ್ಕದ ಮನೆಯಿಂದ ಕಲಿತದ್ದು ಎಂದು ತಕರಾರನ್ನೂ ತೆಗೆದರು. ಎರಡು ಹಾಳೆ ಮಾತ್ರ ಅವರಿಗೂ ಬಗೆಹರಿಯಲಿಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸರದಿಯೂ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷದ ರಕ್ಷಣೆ ಉಂಟೆಂದು ಕಂಪನಿ ಹೇಳಿತು. 2021ರಲ್ಲಿ ಬಂದಿದ್ದ ವಿಂಡೋಸ್ 11 ‘ಟಿ.ಪಿ.ಎಂ. 2.0’ ಎಂಬ ರಕ್ಷಣಾ ವಿಶೇಷವನ್ನೂ ಹೊಸ ಪೀಳಿಗೆಯ ಸಂಸ್ಕಾರಕವನ್ನೂ ಕೇಳುತ್ತದೆ. ಈ ಸಲ ಬಾಗಿಲಲ್ಲಿ ತಡೆದುದು ಸ್ಕ್ಯಾನರನ್ನಲ್ಲ, ಕಂಪ್ಯೂಟರನ್ನೇ. ಉಪಾಧ್ಯಾಯರು ಈ ಬಾರಿ ಅಂಗಡಿಗೆ ಕಳುಹಿಸುವ ಮೊದಲೇ ಮನೆಯ ಸಾಧನಗಳ ಹೆಸರುಗಳನ್ನೂ ಗುರುತಿನ ಅಂಕಿಗಳನ್ನೂ ದಿನಚರಿಯಲ್ಲಿ ಬರೆದುಕೊಂಡು, ಪೆನ್‌ಡ್ರೈವಿನಿಂದ ಎಬ್ಬಿಸಿ ಒಂದೊಂದನ್ನೂ ಮಾತನಾಡಿಸಿ ನೋಡಿ, ಆಮೇಲೆ ಲಿನಕ್ಸನ್ನೇ ಹಾಕಿಸಿದರು. ಬ್ಯಾಂಕಿನ ಕೆಲಸ ನಡೆಯುತ್ತಿದೆ, ಹಾಡು ಕೇಳಿಸುತ್ತಿದೆ. ಪ್ರಿಂಟರಿನಲ್ಲಿ ಮಸಿ ಎಷ್ಟು ಉಳಿದಿದೆಯೆಂಬುದು ಮಾತ್ರ ಪರದೆಯ ಮೇಲೆ ಕಾಣುವುದಿಲ್ಲ. ಅಕ್ಷರ ಮಾಸಲಾದಾಗ ತಿಳಿದುಕೊಂಡು ಅಂಗಡಿಗೆ ಹೋಗಿಬರುತ್ತಾರೆ.